13 ವರ್ಷ ಮಾತ್ರೆಗೆ ಬಗ್ಗಿದ್ದ ಶುಗರ್ ಈಗ ಮಾತೇ ಕೇಳ್ತಿಲ್ಲ, ಇನ್ಸುಲಿನ್ ತಗೊಳ್ಲೇಬೇಕಾ?

ಕಾಫಿಹೂ (ಮೂಡಿಗೆರೆ ಹತ್ರ), ಆಗಸ್ಟ್ 2025

ಎಲ್ರಿಗೂ ನಮಸ್ಕಾರ. ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಇದೇ ಮೊದ್ಲು, ಉದ್ದ ಆದ್ರೆ ಬೈಕೋಬೇಡಿ. ನಂಗೆ 52 ವರ್ಷ. ಎರಡನೇ ಮಗಳು ಹೊಟ್ಟೇಲಿದ್ದಾಗ ಶುಗರ್ ಬಂದಿತ್ತು, ಹೆರಿಗೆ ಆದ್ಮೇಲೆ ಹೋಯ್ತು ಅಂತ ಎಲ್ರೂ ಮರ್ತೇ ಬಿಟ್ವಿ, ಆಮೇಲೆ 2012ರಲ್ಲಿ ಯಾವ್ದೋ ಜ್ವರಕ್ಕೆ ರಕ್ತ ಕೊಟ್ಟಾಗ ಪುನಃ ಸಿಕ್ಕಾಕೊಳ್ತು. ಆವಾಗಿಂದ ಮಾತ್ರೆ. ಮೊದ್ಲು ಮೆಟ್‌ಫಾರ್ಮಿನ್ 500, ಈಗ 1000 ದು ಬೆಳಿಗ್ಗೆ ರಾತ್ರಿ, ಜೊತೆಗೆ ಗ್ಲಿಮೆಪಿರೈಡ್ 2. ಐದು ವರ್ಷದಿಂದ ಇದೇ ಮಾತ್ರೆ, ಒಂದೂ ಬದಲಾಗಿಲ್ಲ.

ಮೂರು ತಿಂಗಳ ಶುಗರ್ ಅಂತಾರಲ್ಲ ಎಚ್‌ಬಿಎ1ಸಿ, ಅದು ಯಾವಾಗ್ಲೂ 7 ರ ಆಸುಪಾಸು ಇರ್ತಿತ್ತು, 7.1, 7.4 ಹಿಂಗೆ. ಹೋದ ವರ್ಷ 8.1 ಆಯ್ತು. ಮೊನ್ನೆ 9.3!! ಖಾಲಿ ಹೊಟ್ಟೇಲಿ 148, ಮಧ್ಯಾಹ್ನ ಊಟ ಆಗಿ ಎರಡು ಗಂಟೆಗೆ 312. ಮನೇಲಿ ಗ್ಲುಕೋಮೀಟರ್ ಇದೆ, ಅದೂ ಹಂಗೇ ತೋರಿಸ್ತಿದೆ. ಊಟ ಅದೇ, ತೋಟದ ಓಡಾಟ ಅದೇ, ಸಿಹಿ ಅಂತೂ ಹಬ್ಬಕ್ಕೆ ಒಂದು ಚೂರು. ಮತ್ತೆ ಯಾಕೆ ಅಂತ ನಂಗೆ ತಲೆ ಕೆಟ್ಟೋಗಿದೆ ಮಾರಾಯ್ರೆ. ನಮ್ಮನೆಯವ್ರು "ನೀನು ಕದ್ದು ತಿಂತೀಯ" ಅಂತ ತಮಾಷೆ ಮಾಡ್ತಾರೆ, ಅವ್ರಿಗೆ ತಮಾಷೆ.

ಡಾಕ್ಟ್ರು ಇನ್ಸುಲಿನ್ ಶುರು ಮಾಡೋಣ ಅಂದ್ರು. ನಾನು ಎರಡು ತಿಂಗಳು ಟೈಮ್ ಕೊಡಿ ಅಂತ ಎದ್ದು ಬಂದೆ. ಯಾಕಂದ್ರೆ ನಮ್ಮತ್ತೆಗೆ ಇನ್ಸುಲಿನ್ ಶುರು ಮಾಡಿ ಒಂದು ವರ್ಷ ತುಂಬೋದ್ರೊಳಗೆ ಕಾಲು ತೆಗೆದ್ರು. ನಾನೇ ಆಸ್ಪತ್ರೇಲಿ ಅವರ ಜೊತೆ ಇದ್ದವ್ಳು, ಅದು ಕಣ್ಣಿಂದ ಹೋಗ್ತಿಲ್ಲ. ಒಂದ್ಸಲ ಸೂಜಿ ಹಿಡಿದ್ರೆ ಕಡೆವರೆಗೂ ಬಿಡಲ್ಲ ಅಂತಾರೆ, ನಿಜವಾ? ಬೇರೆ ದಾರಿ ಇದ್ಯಾ? ಅನುಭವ ಇರೋರು ಹೇಳಿ.

---

ತೆಂಗಿನತೋಟ_ಅರಸೀಕೆರೆ

ಅಕ್ಕ ಹೆದ್ರಬೇಡಿ. ನಂಗೆ 16 ವರ್ಷದಿಂದ ಶುಗರ್ರು, ನಾಲ್ಕು ವರ್ಷದಿಂದ ರಾತ್ರಿ ಇನ್ಸುಲಿನ್ ತಗೊಂಡು ದಿನಾ ತೋಟಕ್ಕೆ ಹೋಗಿ ಬರ್ತಿದೀನಿ, ಕಾಲು ಎರಡೂ ಇದಾವೆ 😄

ನಾನೂ ನಿಮ್ ಥರಾನೇ ಕೇಳಿದ್ದೆ, ಅದೇ ಮಾತ್ರೆ ಅದೇ ಊಟ ಯಾಕೆ ಏರ್ತಿದೆ ಅಂತ. ನಮ್ಮ ಕಡೆ ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದ್ರೇ ತಲೆಗೆ ಹೋಗೋದು ಕಣಕ್ಕ. ಕೊರೆಸಿದಾಗ ಎರಡಿಂಚು ನೀರು ಬರ್ತಿತ್ತು ಅನ್ಕೊಳಿ. ವರ್ಷ ಕಳೆದಂಗೆ ಒಂದೂವರೆ, ಒಂದು, ಮುಕ್ಕಾಲು. ಯಾರೂ ಏನೂ ತಪ್ಪು ಮಾಡಿಲ್ಲ, ಒಳಗಿನ ನೀರೇ ಇಳೀತು. ಮೇದೋಜೀರಕ ಅಂತ ಇದ್ಯಲ್ಲ, ಅದ್ರಲ್ಲಿ ಇನ್ಸುಲಿನ್ ಮಾಡೋ ಬೀಟಾ ಕೋಶಗಳೂ ಹಂಗೇ ವರ್ಷ ವರ್ಷ ಸೊರಗ್ತವೆ. ಮೆಟ್‌ಫಾರ್ಮಿನ್ ಅನ್ನೋದು ಡ್ರಿಪ್ ಪೈಪ್ ಇದ್ದಂಗೆ, ಇರೋ ನೀರನ್ನೇ ಸಾಕು ಮಾಡ್ಸುತ್ತೆ. ಗ್ಲಿಮೆಪಿರೈಡ್ ಅಂದ್ರೆ ದೊಡ್ಡ ಮೋಟ್ರು, ಒಳಗೆ ಇದ್ದಷ್ಟನ್ನ ಎಳೆದು ಮೇಲಕ್ಕೆ ಹಾಕುತ್ತೆ. ಒಳಗೇ ಇಲ್ಲ ಅಂದ್ಮೇಲೆ ಮೋಟ್ರು ಎಷ್ಟು ಎಚ್‌ಪಿ ಆದ್ರೇನು? ಆಗ ಟ್ಯಾಂಕರ್ ತರಿಸ್ಬೇಕು, ಅದೇ ಇನ್ಸುಲಿನ್ನು. ಟ್ಯಾಂಕರ್ ತರ್ಸೋಕೆ ನಾಚ್ಕೊಂಡು ಗಿಡ ಒಣಗಿಸ್ತೀವಾ?

ಇದು ನಾನು ಕಟ್ಟಿ ಹೇಳ್ತಿರೋದಲ್ಲ. ಇಂಗ್ಲೆಂಡಲ್ಲಿ ಯುಕೆಪಿಡಿಎಸ್ ಅಂತ ಒಂದು ದೊಡ್ಡ ಅಧ್ಯಯನ ಮಾಡಿದ್ರು, 5,102 ಜನ ಹೊಸಾ ಶುಗರ್ ಪೇಷಂಟ್‌ಗಳನ್ನ ಸೇರಿಸ್ಕೊಂಡು ವರ್ಷಗಟ್ಟಲೆ ನೋಡಿ 1998ರಲ್ಲಿ ಫಲಿತಾಂಶ ಕೊಟ್ರು. ಶುಗರ್ ಇದೆ ಅಂತ ಗೊತ್ತಾಗೋ ಹೊತ್ತಿಗೇ ಸುಮಾರು ಅರ್ಧ ಶಕ್ತಿ ಹೋಗಿರುತ್ತೆ, ಯಾವ ಮಾತ್ರೆ ಕೊಟ್ರೂ ವರ್ಷ ಕಳೆದಂಗೆ ನಿಧಾನಕ್ಕೆ ಏರುತ್ತೆ ಅಂತ ಅದ್ರಲ್ಲಿ ಕಂಡಿದ್ದು. ನನ್ನ ಮಗಳು ನರ್ಸಿಂಗ್ ಓದುವಾಗ ಇದನ್ನ ಓದಿ ಹೇಳಿದ್ಮೇಲೆ ನನ್ನ ಮೇಲೆ ನಾನೇ ಬೈಕೊಳ್ಳೋದು ನಿಲ್ಲಿಸ್ದೆ. ನಿಮ್ಮ ಯಜಮಾನ್ರಿಗೂ ತೋರ್ಸಿ ಇದನ್ನ, ಕದ್ದು ತಿನ್ನೋ ವಿಷ್ಯ ಅಲ್ಲ ಇದು.

---

ಹಸಿರೆಲೆ99

ಇನ್ಸುಲಿನ್ ಬೇಡವೇ ಬೇಡ ಮೇಡಂ, ಅದು ಕಂಪ್ನಿಗಳ ಬಿಸಿನೆಸ್. ಮಧುನಾಶಿನಿ ಸೊಪ್ಪು, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ 48 ದಿನ ತಗೊಳ್ಳಿ ಎಲ್ಲಾ ಮಾತ್ರೆ ನಿಲ್ಲಿಸಿ. ನಮ್ಮ ಚಿಕ್ಕಪ್ಪ ಹಂಗೇ ನಿಲ್ಲಿಸಿದ್ರು ಈಗ ಲಡ್ಡು ತಿಂತಾರೆ.

---

ಔಷಧಿಅಂಗಡಿ_ಚಿಕ್ಕಮಗಳೂರು

ಹಸಿರೆಲೆ ಅವ್ರೇ, ಚಿಕ್ಕಪ್ಪಂಗೆ ಕೊನೇ ಸಲ ಟೆಸ್ಟ್ ಯಾವಾಗ ಮಾಡ್ಸಿದ್ದು? ಮೆಂತ್ಯ ನೆನೆಸಿ ತಿನ್ನಲಿ ಯಾರೂ ಬೇಡ ಅನ್ನಲ್ಲ, ನಾರಿದೆ ಒಳ್ಳೇದೇ. ಆದ್ರೆ 312 ಇರೋ ಮನುಷ್ಯರಿಗೆ ಎಲ್ಲಾ ಮಾತ್ರೆ ನಿಲ್ಲಿಸಿ ಅಂತ ಮೊಬೈಲಲ್ಲಿ ಕೂತ್ಕೊಂಡು ಹೇಳ್ಬೇಡಿ ದಯವಿಟ್ಟು. ಹಂಗೆ ನಿಲ್ಲಿಸಿ ಆರು ತಿಂಗಳು ಬಿಟ್ಟು ಕಾಲಲ್ಲಿ ಗಾಯ ಮಾಡ್ಕೊಂಡು ನಮ್ಮ ಅಂಗಡಿಗೆ ಡ್ರೆಸ್ಸಿಂಗ್ ಸಾಮಾನಿಗೆ ಬರೋರನ್ನ ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ.

ಈಗ ಕಾಫಿಹೂ ಅಕ್ಕ, ಅರಸೀಕೆರೆ ಅಣ್ಣ ಹೇಳಿದ ಬೋರ್‌ವೆಲ್ ಲೆಕ್ಕ ಚೆನ್ನಾಗಿದೆ, 7.1 ರಿಂದ 8.1 ಕ್ಕೆ ಬಂದಿದ್ದು ಅದೇ ಇರಬಹುದು. ಆದ್ರೆ 8.1 ರಿಂದ 9.3 ಒಂದೇ ವರ್ಷಕ್ಕೆ, ಅದೂ ಖಾಲಿ ಹೊಟ್ಟೇದು 148 ಇದ್ದು ಮಧ್ಯಾಹ್ನದ್ದು 312 ಅಂದ್ರೆ ನಂಗೆ ಸ್ವಲ್ಪ ಅನುಮಾನ. ನೀರು ಇಳಿದಿದ್ಯಾ ಅಥ್ವಾ ಎಲ್ಲೋ ಪೈಪ್ ಒಡೆದಿದ್ಯಾ ಅಂತ ನೋಡದೆ ಟ್ಯಾಂಕರ್ ತರಿಸಿದ್ರೆ ತರಿಸ್ತಾನೇ ಇರ್ಬೇಕು. ಅದಕ್ಕೆ ಕೆಲವು ಕೇಳ್ತೀನಿ, ಮರೆಮಾಚದೆ ಹೇಳಿ.

ಮಂಡಿ ನೋವು, ಉಬ್ಬಸ, ಚರ್ಮದ ತುರಿಕೆ ಅಂತ ಏನಾದ್ರೂ ಇಂಜೆಕ್ಷನ್ನೋ ಮಾತ್ರೇನೋ ಪುಡೀನೋ ತಗೊಂಡ್ರಾ ಈ ವರ್ಷ? ಸ್ಟೀರಾಯ್ಡ್ (ನೋವು, ಊತ ಬೇಗ ಇಳಿಸೋ ಹಾರ್ಮೋನ್ ಥರದ ಔಷಧಿ) ಇದ್ರೆ ಶುಗರ್ ಏರೋದು ಗ್ಯಾರಂಟಿ, ಮತ್ತೆ ಬೆಳಿಗ್ಗೆ ತಗೊಂಡ ಸ್ಟೀರಾಯ್ಡ್ ಖಾಲಿ ಹೊಟ್ಟೇದಕ್ಕಿಂತ ಮಧ್ಯಾಹ್ನ ಸಾಯಂಕಾಲದ ಶುಗರ್ರನ್ನೇ ಜಾಸ್ತಿ ಎಬ್ಬಿಸುತ್ತೆ, ಥೇಟ್ ನಿಮ್ಮ ರಿಪೋರ್ಟ್ ಥರ. ಹಲ್ಲು ವಸಡು ಊತ, ಮೂತ್ರ ಉರಿ ಇದ್ಯಾ, ಸೋಂಕು ಒಳಗೆ ಕೂತಿದ್ರೂ ಇಳಿಯಲ್ಲ. ತೂಕ ಏರಿದ್ಯಾ ಇಳಿದಿದ್ಯಾ? ಇದು ಮುಖ್ಯ, ಏನೂ ಮಾಡದೆ ತೂಕ ಇಳೀತಾ ಶುಗರ್ ಏರ್ತಿದ್ರೆ ಈ ವಯಸ್ಸಲ್ಲಿ ಹೊಟ್ಟೆ ಸ್ಕ್ಯಾನ್ ಮಾಡ್ಸಿ ಮೇದೋಜೀರಕ ನೋಡ್ಲೇಬೇಕು. ಮಾತ್ರೆ ನಿಜವಾಗ್ಲೂ ಎರಡೂ ಹೊತ್ತು ತಗೊಳ್ತೀರಾ? ಬೈಯಲ್ಲ ಹೇಳಿ, ರಾತ್ರಿದು ಮರೆಯೋದು ಎಲ್ರೂ ಮಾಡೋದೇ. ಆಮೇಲೆ ನಿಮ್ಮೂರ ಮಳೆಗೆ ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕ್ತೀರಾ, ಥಂಡಿ ಹಿಡಿದ ಸ್ಟ್ರಿಪ್ ಬಾಯಿಗೆ ಬಂದಂಗೆ ನಂಬರ್ ತೋರಿಸುತ್ತೆ. ಲ್ಯಾಬಿನದೂ ಹಂಗೇ ಬಂದಿದೆ ಅಂದ್ರಿ ಹಾಗಾಗಿ ಇದು ಇರಲಿಕ್ಕಿಲ್ಲ, ಸುಮ್ನೆ ಕೇಳಿದೆ.

---

ಕಾಫಿಹೂ

ಅಯ್ಯೋ ದೇವ್ರೇ. ನಿಮ್ಮ ಮೆಸೇಜ್ ಓದಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಮಂಡಿ ನೋವು ಇದೆ. ಹೋದ ವರ್ಷ ಕಾಫಿ ಕುಯ್ಲಲ್ಲಿ ಕೂರೋಕೆ ಏಳೋಕೆ ಆಗ್ತಿರ್ಲಿಲ್ಲ. ಸಂತೇಲಿ ಒಬ್ರು ಬರ್ತಾರೆ, ಬರೀ ಬೇರು ನಾರು ಅಂತ ಹೇಳಿ ಕಂದು ಪುಡಿ ಪೊಟ್ಟಣ, ಜೊತೆಗೆ ಸಣ್ಣ ಬಿಳಿ ಗುಳಿಗೆ ಕೊಡ್ತಾರೆ, ಬೆಳಿಗ್ಗೆ ತಿಂಡಿ ಆದ್ಮೇಲೆ ತಗೊಳ್ಳಿ ಅಂತ. ಮೂರೇ ದಿನಕ್ಕೆ ನೋವು ಮಾಯ! ನಾನು ಅಕ್ಕಪಕ್ಕದ ಮನೆಯವ್ರಿಗೆಲ್ಲಾ ಹೇಳಿದೀನಿ, ಈಗ ಅದು ಬೇರೆ ಹೊಟ್ಟೆಯುರಿ. ಜನವರಿಯಿಂದ ತಗೊಳ್ತಿದೀನಿ, ಎಂಟು ತಿಂಗಳು. ತೂಕ ನಾಲ್ಕು ಕೆಜಿ ಏರಿದೆ, ಮುಖ ದುಂಡಗಾಗಿದೆ, ಎಲ್ರೂ ಚೆನ್ನಾಗಿ ಕಾಣ್ತಿದೀರ ಅಂತಿದ್ರು. ಹಸಿವೂ ಜಾಸ್ತಿ. ಡಾಕ್ಟ್ರಿಗೆ ಇದನ್ನ ಹೇಳೇ ಇಲ್ಲ ನಾನು, ನಾಟಿ ಮದ್ದು ಅಲ್ವಾ ಅದ್ರಲ್ಲಿ ಏನಿರುತ್ತೆ ಅಂತ.

ರಾತ್ರಿ ಮಾತ್ರೆ ಕುಯ್ಲಿನ ಟೈಮಲ್ಲಿ ಮರೀತೀನಿ, ವಾರಕ್ಕೆ ಎರಡು ಮೂರು ಸಲ. ಮತ್ತೆ ಕಾಫಿಗೆ ಬೆಲ್ಲ ಹಾಕ್ತೀನಿ, ಸಕ್ರೆ ಅಲ್ಲ. ದಿನಕ್ಕೆ ಐದು ಲೋಟ ಆಗ್ಬಹುದು, ಮಳೆಗಾಲದಲ್ಲಿ ಆರು.

ಇವತ್ತಿಂದಲೇ ಆ ಪುಡಿ ನಿಲ್ಲಿಸ್ತೀನಿ, ಒಲೆಗೆ ಹಾಕ್ತೀನಿ.

---

ಔಷಧಿಅಂಗಡಿ_ಚಿಕ್ಕಮಗಳೂರು

ಅಕ್ಕ ನಿಲ್ಲಿ ನಿಲ್ಲಿ!! ಒಲೆಗೆ ಹಾಕ್ಬೇಡಿ, ಒಮ್ಮೆಲೇ ನಿಲ್ಲಿಸ್ಲೂಬೇಡಿ. ಅದ್ರಲ್ಲಿ ಸ್ಟೀರಾಯ್ಡ್ ಇದೆ ಅಂತ ನಾನು ನೋಡದೆ ಹೇಳೋಕಾಗಲ್ಲ, ಆದ್ರೆ ನೀವು ಹೇಳಿದ ಲಕ್ಷಣ ಎಲ್ಲಾ ಅದನ್ನೇ ಹೇಳ್ತಿವೆ. ಇದ್ರೆ, ಎಂಟು ತಿಂಗಳು ಹೊರಗಿಂದ ಸ್ಟೀರಾಯ್ಡ್ ಸಿಕ್ಕಿದ್ದಕ್ಕೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಮಲಗಿರುತ್ತೆ. ಧಿಡೀರ್ ನಿಲ್ಲಿಸಿದ್ರೆ ಬಿಪಿ ಬಿದ್ದು, ವಾಂತಿ ಸುಸ್ತಾಗಿ ಐಸಿಯುಗೆ ಹೋಗೋ ಪರಿಸ್ಥಿತಿ ಬರಬಹುದು. ನಾಳೆ ಬೆಳಿಗ್ಗೆನೇ ಪೊಟ್ಟಣ ಗುಳಿಗೆ ಎರಡನ್ನೂ ಕೈಲಿ ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗಿ. ಬೆಳಗಿನ ಹೊತ್ತು ಕಾರ್ಟಿಸಾಲ್ ಅಂತ ರಕ್ತ ಪರೀಕ್ಷೆ ಇದೆ, ಆ ಗ್ರಂಥಿ ತಾನೇ ಮಾಡೋ ಸ್ಟೀರಾಯ್ಡ್ ಎಷ್ಟಿದೆ ಅಂತ ಹೇಳುತ್ತೆ, ಅದನ್ನ ನೋಡಿ ಸ್ವಲ್ಪ ಸ್ವಲ್ಪ ಇಳಿಸ್ತಾ ನಿಲ್ಲಿಸೋದು ಹೆಂಗೆ ಅಂತ ಅವ್ರು ಬರ್ಕೊಡ್ತಾರೆ. ನೀವು ಹೇಳಿದ ಅಕ್ಕಪಕ್ಕದವ್ರನ್ನೂ ಕರ್ಕೊಂಡು ಹೋಗಿ, ಸಂಕೋಚ ಬಿಡಿ.

ಡಾಕ್ಟ್ರು ಬೈದ್ರೆ ಬೈಸ್ಕೊಳ್ಳಿ. ಎರಡು ನಿಮಿಷ ಅಷ್ಟೇ.

---

ಹಾಸನದ_ಸಿಸ್ಟರ್

ನಾನು ಸರ್ಕಾರಿ ಆಸ್ಪತ್ರೇಲಿ ನರ್ಸ್ ಆಗಿ ರಿಟೈರ್ಡ್. ಮೆಡಿಕಲ್ ಶಾಪ್ ತಮ್ಮ ಸರಿಯಾಗಿ ಹೇಳಿದ್ದಾನೆ ಅದರ ಬಗ್ಗೆ ನಾನು ಮತ್ತೆ ಹೇಳಲ್ಲ. ನಂಗೆ ನಿಮ್ಮ ಅತ್ತೆ ವಿಷ್ಯ ಮಾತಾಡ್ಬೇಕು ಕಾಫಿಹೂ, ಯಾಕಂದ್ರೆ ಆ ಹೆದರಿಕೆ ಕಟ್ಕೊಂಡು ಬರೋರು ನಮ್ಮ ವಾರ್ಡಲ್ಲಿ ಲೆಕ್ಕ ಇಲ್ಲದಷ್ಟು ಜನ.

ಇನ್ಸುಲಿನ್‌ನಿಂದ ಕಾಲು ಹೋಗಲ್ಲಮ್ಮ. ಕಾಲಲ್ಲಿ ಗಾಯ ಆಗಿ, ಕಪ್ಪಾಗಿ, ವಾಸನೆ ಬಂದ್ಮೇಲೆ ಆಸ್ಪತ್ರೆಗೆ ತರ್ತಾರೆ, ಆಗ ಶುಗರ್ 400 ಇರುತ್ತೆ, ಆಗ ಇನ್ಸುಲಿನ್ ಶುರು ಮಾಡ್ತಾರೆ, ಆಮೇಲೆ ಕಾಲು ತೆಗೀತಾರೆ. ನೋಡೋರಿಗೆ ಇನ್ಸುಲಿನ್ ಬಂತು ಕಾಲು ಹೋಯ್ತು ಅನ್ಸುತ್ತೆ. ಅದು ಹತ್ತು ವರ್ಷ ಮುಂಚೆ ಬರ್ಬೇಕಿತ್ತು, ತಡವಾಗಿ ಬಂತು ಅಷ್ಟೇ. ನಿಮ್ಮತ್ತೆಗೆ ಪಾದದಲ್ಲಿ ಸ್ಪರ್ಶ ಇತ್ತಾ ನೆನಪು ಮಾಡ್ಕೊಳಿ, ಚಪ್ಪಲಿ ಕಳಚಿ ಬಿದ್ದಿದ್ದೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?

ನಿಮ್ಮದು ಮಲೆನಾಡು ಅದಕ್ಕೆ ಹೇಳ್ತೀನಿ, ಇಂಬಳ (ಜಿಗಣೆ) ಕಚ್ಚಿದ ಜಾಗ ಕೆರ್ಕೊಂಡು ಹುಣ್ಣು ಮಾಡ್ಕೋಬೇಡಿ, ಗಂಬೂಟ್ ಒಳಗೆ ನೆಂದ ಸಾಕ್ಸ್‌ನಲ್ಲಿ ಇಡೀ ದಿನ ಇರಬೇಡಿ, ಬೆರಳ ಸಂದಿ ಒರೆಸಿ ಒಣಗಿಸಿ, ಸಾಯಂಕಾಲ ಪಾದದ ಅಡಿ ಕನ್ನಡಿ ಹಿಡಿದು ನೋಡಿ. ಚಳಿ ಅಂತ ಒಲೆ ಮುಂದೆ ಕಾಲು ಚಾಚ್ಕೊಂಡು ಕೂರೋದಂತೂ ಬೇಡವೇ ಬೇಡ, ಸುಟ್ಟಿದ್ದೂ ಗೊತ್ತಾಗಲ್ಲ. ಪಾದ ಜುಮ್ ಅನ್ನುತ್ತಾ? ಅಂದ್ರೆ ಬಿ12 ಕೂಡ ಟೆಸ್ಟ್ ಮಾಡ್ಸಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡೋರಿಗೆ ಬಿ12 ಕಮ್ಮಿ ಆಗಬಹುದು, ಅದಕ್ಕೂ ಹಂಗೇ ಜುಮ್ ಅನ್ನುತ್ತೆ, ಎಲ್ರೂ ಶುಗರ್ ನರ ಅಂತ ಬಿಟ್ಟುಬಿಡ್ತಾರೆ. ಕಣ್ಣಿನ ಹಿಂದಿನ ಪರದೆ, ಕಿಡ್ನಿಗೆ ಅಂತ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ವರ್ಷಕ್ಕೊಂದ್ಸಲ ನೋಡಿಸ್ಕೊಳ್ಳಿ. ಜಿಲ್ಲಾ, ತಾಲೂಕು ಆಸ್ಪತ್ರೇಲಿ ಎನ್‌ಸಿಡಿ ಕ್ಲಿನಿಕ್ ಇರುತ್ತೆ, ಬಿಪಿ ಶುಗರ್ ನೋಡಿ ಮಾತ್ರೆ ಕೊಡ್ತಾರೆ, ಖರ್ಚಿಗೆ ಅಂಜಿ ಸುಮ್ನಿರಬೇಡಿ.

ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ವಾ ಅಂದ್ರಿ. ಅದು ಚಟ ಅಲ್ಲ. ಬಸುರಿಯರಿಗೆ, ಆಪರೇಷನ್ ಆದೋರಿಗೆ ಸ್ವಲ್ಪ ದಿನ ಕೊಟ್ಟು ನಿಲ್ಲಿಸಿದ್ದನ್ನ ನಾನೇ ಎಷ್ಟೋ ನೋಡಿದೀನಿ. ನಿಮಗೂ ಸ್ಟೀರಾಯ್ಡ್ ಹೋದ್ಮೇಲೆ ಬೇಕೋ ಬೇಡ್ವೋ ಆಮೇಲೆ ನೋಡೋದು. ಬೇಕು ಅಂದ್ರೂ ಈಗಿನ ಪೆನ್ ಸೂಜಿ 4 ಮಿಲಿಮೀಟರು, ಬೆರಳು ಚುಚ್ಚಿ ಶುಗರ್ ನೋಡ್ತೀರಲ್ಲ ಅದೇ ಜಾಸ್ತಿ ನೋವು.

---

ಹೊಳೆನರಸೀಪುರ_ಹೈದ

ಬೆಲ್ಲದ ಕಾಫಿ ವಿಷ್ಯ ಯಾರೂ ಎತ್ತಲಿಲ್ಲ? ನಮ್ಮಪ್ಪಂದೂ ಇದೇ ವಾದ, "ಸಕ್ರೆ ಬಿಟ್ಟು ಬೆಲ್ಲ ತಿಂತೀನಿ" ಅಂತ. ಬೆಲ್ಲನೂ ಅದೇ ಕಬ್ಬು ಅಪ್ಪಾ ಅಂದ್ರೆ ನೀನು ಬೆಂಗ್ಳೂರಿಗೆ ಹೋಗಿ ಬುದ್ಧಿವಂತ ಆದೆ ಅಂತಾರೆ. ಲೋಟಕ್ಕೆ ಹತ್ತು ಗ್ರಾಮ್ ಅಂತ ಇಟ್ಕೊಂಡ್ರೂ ಐದು ಲೋಟಕ್ಕೆ 50 ಗ್ರಾಮ್ ಆಂಟಿ!

ನಾವು ಏನ್ ಮಾಡಿದ್ವಿ ಅಂದ್ರೆ ವಾದ ಬಿಟ್ಟು ಗ್ಲುಕೋಮೀಟರ್ ಕೈಗೆ ಕೊಟ್ವಿ. ಒಂದಿನ ಎರಡು ದೊಡ್ಡ ಅಕ್ಕಿ ರೊಟ್ಟಿ ಕಾಯಿ ಚಟ್ನಿ, ಬೆಲ್ಲದ ಕಾಫಿ, ಎರಡು ಗಂಟೆ ಬಿಟ್ಟು ನೋಡಿದ್ರೆ 268. ಮಾರನೇ ದಿನ ಒಂದೇ ರೊಟ್ಟಿ, ಬಟ್ಟಲು ತುಂಬ ಹೆಸರುಕಾಳು ಉಸ್ಲಿ, ಸೊಪ್ಪಿನ ಪಲ್ಯ, ಸಪ್ಪೆ ಕಾಫಿ, 191. ಅಪ್ಪ ಮಾತಾಡದೆ ಎದ್ದು ಹೋದ್ರು 😂 ಈಗ ಅವ್ರೇ ಊರಲ್ಲಿ ಎಲ್ರಿಗೂ ಹೇಳ್ಕೊಂಡು ಓಡಾಡ್ತಾರೆ.

ಮುದ್ದೆ ಬಗ್ಗೆನೂ ಹೇಳ್ಬಿಡ್ತೀನಿ, ನಮ್ಮ ಕಡೆ ರಾಗಿ ಅಂದ್ರೆ ಶುಗರ್ರಿಗೆ ಮದ್ದು ಅಂತ ಒಂದು ನಂಬಿಕೆ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಎರಡು ತಿಂದು ಮೇಲೆ ಅನ್ನ ತಿಂದ್ರೆ ರಾಗಿನೂ ಉಳಿಸಲ್ಲ. ಒಂದು ಸಣ್ಣ ಮುದ್ದೆ, ಜಾಸ್ತಿ ಹುರುಳಿಕಾಳು ಸಾರು, ಸೊಪ್ಪು ಅಂದ್ರೆ ಪರವಾಗಿಲ್ಲ. ಅಪ್ಪನ ಮೀಟರ್ ಹೇಳಿದ್ದು ಇದು, ನಿಮ್ಮದು ಏನು ಹೇಳುತ್ತೋ ನೋಡಿ.

ಒಂದು ಪ್ರಶ್ನೆ ನಂದೂ ಇದೆ, ಇನ್ಸುಲಿನ್‌ಗೆ ಮುಂಚೆ ಬೇರೆ ಮಾತ್ರೆ ಇಲ್ವಾ? ಅಪ್ಪಂಗೆ ಡಾಪಾಗ್ಲಿಫ್ಲೋಜಿನ್ ಅಂತ ಬರ್ದಿದಾರೆ.

---

ಔಷಧಿಅಂಗಡಿ_ಚಿಕ್ಕಮಗಳೂರು

ಇದಾವೆ. ಅದೊಂದು ಗುಂಪು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ, ಡಾಪಾ, ಎಂಪಾ ಅಂತೀವಿ ಅಂಗಡೀಲಿ. ರಕ್ತದಲ್ಲಿರೋ ಹೆಚ್ಚಿನ ಸಕ್ಕರೇನ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಹಾರ್ಟು ಕಿಡ್ನಿಗೂ ಒಳ್ಳೇದು ಅಂತ ಸಾಬೀತಾಗಿದೆ. ಮೊದ್ಲು ಭಾರೀ ರೇಟು, 2020ರಲ್ಲಿ ಡಾಪಾದ ಪೇಟೆಂಟ್ ಮುಗೀತು, ಸಿಟಾಗ್ಲಿಪ್ಟಿನ್ ಅಂತ ಬೇರೆ ಗುಂಪಿನ ಶುಗರ್ ಮಾತ್ರೇದು 2022ರಲ್ಲಿ, ಎಂಪಾದ್ದು 2025ರ ಮಾರ್ಚ್‌ನಲ್ಲಿ, ಹಾಗಾಗಿ ಈಗ ಎಲ್ಲಾದ್ರದ್ದೂ ಕಮ್ಮಿ ಬೆಲೆಯ ಜೆನೆರಿಕ್ (ಬೇರೆ ಕಂಪ್ನಿಗಳು ಮಾಡೋ ಅದೇ ಔಷಧಿ) ಸಿಗ್ತಿದೆ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ. ಹಿಂಗೆ ಹೇಳಿ ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕ್ಕೊಳ್ತಿದೀನಿ, ಇರಲಿ.

ಅಪ್ಪಂಗೆ ಎರಡು ಮಾತು ಹೇಳಿ. ಮೂತ್ರದಲ್ಲಿ ಸಕ್ಕರೆ ಹೋಗೋದ್ರಿಂದ ಆ ಜಾಗದಲ್ಲಿ ತುರಿಕೆ, ಫಂಗಸ್ ಬರೋದು ಮಾಮೂಲು, ನಾಚ್ಕೊಂಡು ಮುಚ್ಚಿಡ್ಬೇಡಿ, ಚೊಕ್ಕ ಮಾಡ್ಕೊಳ್ಳಿ, ನೀರು ಕುಡೀರಿ. ಜ್ವರ, ವಾಂತಿ ಭೇದಿ, ಉಪವಾಸ, ಆಪರೇಷನ್ ಅಂದ್ರೆ ಡಾಕ್ಟ್ರನ್ನ ಕೇಳಿ ಆ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸ್ಬೇಕು, ಇಲ್ಲಾಂದ್ರೆ ಶುಗರ್ ಅಷ್ಟೇನೂ ಏರದೇನೂ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಸೇರಿ ಸೀರಿಯಸ್ ಆಗಬಹುದು. ಏಕಾದಶಿ ಉಪವಾಸ ಮಾಡೋರು ಇದನ್ನ ಎರಡು ಸಲ ಓದಿ.

---

ಕಾಫಿಹೂ, ನವೆಂಬರ್

ಎಲ್ರೂ ಹೆಂಗಿದೀರಾ. ಬರೀತೀನಿ ಅಂತ ಹೇಳಿ ಮೂರು ತಿಂಗಳಾಯ್ತು, ಅರೇಬಿಕಾ ಹಣ್ಣಾಗೋಕೆ ಶುರು ಆಯ್ತು, ಆಳು ಸಿಗೋದೇ ಕಷ್ಟ, ಇವತ್ತು ಸ್ವಲ್ಪ ಪುರುಸೊತ್ತು.

ಪೊಟ್ಟಣ ತಗೊಂಡು ಹೋದೆ. ಡಾಕ್ಟ್ರು ಬೈಲಿಲ್ಲ, ಗುಳಿಗೆ ಕೈಯಲ್ಲಿ ಹಿಡಿದು ನೋಡಿ ಒಂದು ಉಸಿರು ಬಿಟ್ರು ಅಷ್ಟೇ, ಅದು ಬೈದಿದ್ದಕ್ಕಿಂತ ಜಾಸ್ತಿ ಆಯ್ತು. ಕಾರ್ಟಿಸಾಲ್ ತುಂಬಾ ಕಮ್ಮಿ ಬಂತು. ಅವ್ರೇ ಅಳತೆ ಮಾಡಿ ಬೇರೆ ಮಾತ್ರೆ ಬರ್ದು, ವಾರ ವಾರ ಇಳಿಸಿ ಹತ್ತು ವಾರಕ್ಕೆ ನಿಲ್ಲಿಸಿದ್ರು. ಮಧ್ಯೆ ಒಂದು ವಾರ ಮೈ ಕೈಯೆಲ್ಲಾ ಜಜ್ಜಿದಂಗೆ ಸುಸ್ತು, ಎದ್ದು ನಿಂತ್ರೆ ಕಣ್ಣು ಕತ್ತಲೆ. ನಾನು ಆವತ್ತು ಒಲೆಗೆ ಹಾಕಿದ್ರೆ ಏನಾಗ್ತಿತ್ತೋ. ಪಕ್ಕದ ಮನೆ ಇಬ್ರು ಬಂದ್ರು, ಒಬ್ರು ಬರಲ್ಲ ಅಂದ್ರು, ಈಗ್ಲೂ ತಗೊಳ್ತಿದಾರೆ, ನನ್ನ ಜೊತೆ ಮಾತು ಬಿಟ್ಟಿದಾರೆ. ಸಂತೆಯವ್ರು ಈಗ ಕಾಣ್ತಿಲ್ಲ.

ಮಧ್ಯಾಹ್ನದ ಶುಗರ್ 312 ಇದ್ದಿದ್ದು 200 ಕ್ಕೆ ಬಂತು. ಬೆಲ್ಲ ಬಿಟ್ಟೆ, ಮೊದಲ ವಾರ ಸಪ್ಪೆ ಕಾಫಿ ಕಷಾಯ ಕುಡಿದಂಗಿತ್ತು, ಈಗ ಯಾರಾದ್ರೂ ಬೆಲ್ಲ ಹಾಕಿ ಕೊಟ್ರೆ ಗಂಟಲಲ್ಲಿ ಇಳಿಯಲ್ಲ. ರೊಟ್ಟಿ ಒಂದೇ. ಆದ್ರೂ ಖಾಲಿ ಹೊಟ್ಟೇದು 150, 160 ಕೆಳಗೆ ಬರ್ಲೇ ಇಲ್ಲ, ಅರಸೀಕೆರೆ ಅಣ್ಣನ ಬೋರ್‌ವೆಲ್ ನಿಜ ಅಂತ ಗೊತ್ತಾಯ್ತು. ಅಕ್ಟೋಬರಿಂದ ರಾತ್ರಿ ಇನ್ಸುಲಿನ್ ಶುರು ಮಾಡಿದೆ, 8 ಯೂನಿಟ್, ಈಗ 10. ಮೊದಲನೇ ದಿನ ಪೆನ್ ಹಿಡ್ಕೊಂಡು ಹಾಸಿಗೆ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ, ಕೊನೆಗೆ ಮಗಳು ವಿಡಿಯೋ ಕಾಲಲ್ಲಿ "ಒಂದು ಎರಡು ಮೂರು" ಅಂದ್ಲು, ಸಿಸ್ಟರ್ ಹೇಳಿದ್ದು ನಿಜ, ಗೊತ್ತೇ ಆಗ್ಲಿಲ್ಲ. ಬೆಳಿಗ್ಗೆ ಈಗ 115 ರಿಂದ 130. ಎಚ್‌ಬಿಎ1ಸಿ ಮೊನ್ನೆ 7.9. ಡಾಕ್ಟ್ರು ಇದ್ರಲ್ಲಿ ಇನ್ನೂ ಹಳೇ ತಿಂಗಳ ಲೆಕ್ಕನೂ ಸೇರಿದೆ, ಮುಂದಿನ ಸಲ ಇನ್ನೂ ಇಳಿಯುತ್ತೆ ಅಂದಿದಾರೆ. ಬಿ12 ಕಮ್ಮಿ ಇತ್ತು, ಅದಕ್ಕೂ ಕೊಟ್ಟಿದಾರೆ.

ಮಂಡಿ ನೋವು ಮಾತ್ರ ವಾಪಸ್ ಬಂದಿದೆ. ಏನೂ ಮಾಡೋಕಾಗಲ್ಲ, ತೊಡೆಗೆ ಎಕ್ಸರ್‌ಸೈಜ್ ಹೇಳ್ಕೊಟ್ಟಿದಾರೆ, ಮಾಡ್ತಿದೀನಿ, ಕುಯ್ಯೋಕೆ ಸ್ಟೂಲ್ ತಗೊಂಡು ಹೋಗ್ತೀನಿ.

ಒಂದು ವಿಷ್ಯ ಕೇಳ್ಬೇಕಿತ್ತು. ಹೋದ ವಾರ ತೋಟದಲ್ಲಿ ಹನ್ನೆರಡೂವರೆ ಹೊತ್ತಿಗೆ ಕೈ ನಡುಗಿ, ಬೆವರು ಕಿತ್ಕೊಂಡು ಬಂತು, ಜೊತೆಲಿದ್ದವ್ಳು ಬುತ್ತಿ ಚೀಲದಿಂದ ಸಿಹಿ ಟೀ ಕೊಟ್ಲು, ಸರಿ ಹೋಯ್ತು. ಮನೆಗೆ ಬಂದು ನೋಡಿದಾಗ 96. ಅದು ಲೋ ಶುಗರ್ರಾ? ಇನ್ನೊಂದು, ಇಲ್ಲಿ ಕರೆಂಟ್ ಹೋದ್ರೆ ಎರಡು ಮೂರು ದಿನ ಬರಲ್ಲ, ಇನ್ಸುಲಿನ್ ಹಾಳಾಗುತ್ತಾ?

---

ಹಾಸನದ_ಸಿಸ್ಟರ್

ಓದಿ ಭಾಳ ಸಂತೋಷ ಆಯ್ತಮ್ಮ. ಅದು ಲೋ ಶುಗರ್ರೇ, ಟೀ ಕುಡಿದು ಮನೆವರೆಗೆ ನಡೆದು ಬರೋ ಹೊತ್ತಿಗೆ 96 ಆಗಿದೆ. 70 ಕ್ಕಿಂತ ಕೆಳಗೆ ಹೋದ್ರೆ ಲೋ ಅಂತ ಲೆಕ್ಕ. ಹಂಗಾದಾಗ ನಡ್ಕೊಂಡು ಮನೆಗೆ ಬರೋದಲ್ಲ, ಅಲ್ಲೇ ಕೂತು ಮೂರು ಚಮಚ ಸಕ್ರೆ ಅಥ್ವಾ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡೀರಿ, 15 ನಿಮಿಷ ಬಿಟ್ಟು ನೋಡಿ, ಏರದಿದ್ರೆ ಇನ್ನೊಂದ್ಸಲ, ಏರಿದ್ಮೇಲೆ ಊಟ. ಹಗಲು ಹೊತ್ತು ಹಂಗಾಗೋದು ರಾತ್ರಿ ಇನ್ಸುಲಿನ್‌ಗಿಂತ ಗ್ಲಿಮೆಪಿರೈಡ್‌ದೇ ಕೆಲಸ ಇರಬಹುದು, ಬೆಳಿಗ್ಗೆ ಮಾತ್ರೆ ನುಂಗಿ ಕುಯ್ಲಿಗೆ ಇಳಿದು ಊಟ ತಡ ಮಾಡಿದ್ರೆ ಆಗೋದೇ ಅದು. ಡಾಕ್ಟ್ರಿಗೆ ಈ ವಾರವೇ ಹೇಳಿ, ಅದನ್ನ ಕಮ್ಮಿ ಮಾಡ್ತಾರೆ. ನೀವೇ ಇನ್ಸುಲಿನ್ ನಿಲ್ಲಿಸ್ಬೇಡಿ. ಹನ್ನೊಂದು ಗಂಟೆಗೆ ಏನಾದ್ರೂ ಒಂದು ಹಿಡಿ ಬಾಯಿಗೆ ಹಾಕ್ಕೊಳ್ಳಿ, ಕಡ್ಲೆಕಾಳೋ ಏನೋ.

ತೆಗೆದು ಬಳಸ್ತಿರೋ ಪೆನ್ ಫ್ರಿಜ್‌ನಲ್ಲೇ ಇರ್ಬೇಕು ಅಂತಿಲ್ಲ, ಸಾಮಾನ್ಯವಾಗಿ 28 ದಿನ ಹೊರಗಿಟ್ಟು ಬಳಸಬಹುದು, ಡಬ್ಬಿ ಮೇಲೆ ಬರೆದಿರುತ್ತೆ ನೋಡ್ಕೊಳಿ, ಬಿಸಿಲು ಒಲೆ ಹತ್ರ ಮಾತ್ರ ಬೇಡ. ತೆಗೆಯದೇ ಇರೋದನ್ನ ಫ್ರಿಜ್‌ನಲ್ಲಿಡಿ, ಫ್ರೀಜರ್ ಒಳಗೆ ಅಲ್ಲ, ಹೆಪ್ಪುಗಟ್ಟಿದ್ದು ಕರಗಿದ್ರೂ ಎಸೀಬೇಕು. ಚುಚ್ಚೋ ಜಾಗ ದಿನಾ ಬದಲಾಯಿಸಿ, ಒಂದೇ ಕಡೆ ಚುಚ್ಚಿದ್ರೆ ಗಂಟಾಗಿ ಔಷಧಿ ಹಿಡಿಯಲ್ಲ.

---

ಔಷಧಿಅಂಗಡಿ_ಚಿಕ್ಕಮಗಳೂರು

ಮೂಡಿಗೆರೆ ಚಳೀಲಿ ಇನ್ಸುಲಿನ್‌ಗೆ ಫ್ರಿಜ್ ಯಾಕೆ, ಕಂಬಳಿ ಹೊದಿಸ್ಬೇಕು 😀 ತಮಾಷೆ. ಒಂದು ಎಚ್ಚರಿಕೆ ಮಾತ್ರ, ಪೆನ್ ಸಿಗದೆ ಯಾವತ್ತಾದ್ರೂ ಬಾಟ್ಲಿ ಸಿರಿಂಜ್‌ಗೆ ಹೋದ್ರೆ, ನಮ್ಮ ದೇಶದಲ್ಲಿ ಬಾಟ್ಲಿ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ರದ್ದು. ಅದಲು ಬದಲಾದ್ರೆ ಡೋಸ್ ಎರಡೂವರೆ ಪಟ್ಟು ಆ ಕಡೆ ಈ ಕಡೆ ಆಗುತ್ತೆ. ಅಂಗಡಿಯವ್ನು ಕೊಟ್ಟ ಅಂತ ತಗೊಂಡು ಬರ್ಬೇಡಿ, ಬಾಟ್ಲಿ ಮೇಲಿನ ನಂಬರ್ ಸಿರಿಂಜ್ ಮೇಲಿನ ನಂಬರ್ ಎರಡೂ ಒಂದೇನಾ ನೋಡಿ, ನನ್ನ ಅಂಗಡೀಲಾದ್ರೂ ಸರಿ.

---

ತೆಂಗಿನತೋಟ_ಅರಸೀಕೆರೆ

ಸೆರಗಿಗೆ ಒಂದು ಗ್ಲುಕೋಸ್ ಪೊಟ್ಟಣ ಗಂಟು ಹಾಕ್ಕೊಳ್ಳಿ ಅಕ್ಕ. ಪೊಟ್ಟಣ ಮೆಡಿಕಲ್ ಶಾಪಿಂದೇ ಇರಲಿ, ಸಂತೇದು ಬೇಡ 😄 ನಾನು ಅಂಗಿ ಜೇಬಲ್ಲಿ ಇಟ್ಕೊಂಡಿರ್ತೀನಿ, ಮೊಮ್ಮಗ ದಿನಾ ಕದೀತಾನೆ, ಅದಕ್ಕೆ ಎರಡು ಇಟ್ಕೊಳ್ತೀನಿ.

---

ಕಾಫಿಹೂ

ಆಯ್ತು ಅಣ್ಣ. ಸೋಮವಾರ ಡಾಕ್ಟ್ರ ಹತ್ರ ಹೋಗ್ತಿದೀನಿ, ಗ್ಲಿಮೆಪಿರೈಡ್ ಬಗ್ಗೆ ಕೇಳ್ತೀನಿ. ಮಾತು ಬಿಟ್ಟವ್ರು ನಿನ್ನೆ ನಮ್ಮನೆ ಗೇಟ್ ಹತ್ರ ನಿಂತು ನಿನ್ನ ಡಾಕ್ಟ್ರು ಯಾವ ವಾರ ಸಿಗ್ತಾರೆ ಅಂತ ಕೇಳಿದ್ರು, ಅವ್ರನ್ನೂ ಜೀಪಲ್ಲಿ ಹಾಕ್ಕೊಂಡು ಹೋಗ್ತೀನಿ.